ಮುಚ್ಚಿದ ಕಿಟಕಿಯ ಬಾಣಂತನ

ನನಗೆ ಟಿಬಿ ಆಗಿತ್ತು ಎಂದರೆ ಕೇಳಿದವರೆಲ್ಲ ಮೊದಲು ಹುಬ್ಬೇರಿಸಿ ಒಂದೇ ಮಾತು ಹೇಳುತ್ತಾರೆ: "ಸ್ವೀಡನ್ನಲ್ಲಾ?" ರೋಗಾಣುಗಳಿಗೂ ಇಲ್ಲಿ ವೀಸಾ ಕೇಳುತ್ತಾರೇನೋ ಎಂಬ ಹಾಗೆ. ನಗಬೇಡಿ, ನಾನೂ ಹಾಗೇ ನಂಬಿದ್ದವಳು. ಈಗ ಗುಣವಾಗಿದ್ದೇನೆ, ಮಾತ್ರೆಗಳು ಮುಗಿದಿವೆ, ಕಳೆದುಕೊಂಡ ತೂಕ ಬಡ್ಡಿ ಸಮೇತ ವಾಪಸು ಬಂದಿದೆ. ಇದನ್ನು ಬರೆಯುತ್ತಿರುವುದು ಈ ಕಾಯಿಲೆ ಬಂದವರು ಓದಲಿ ಅಂತ. ಅವರಲ್ಲೂ, ತಮ್ಮ ಕಾಯಿಲೆಯನ್ನು ತಾವೇ ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋದೆವಲ್ಲ ಎಂದು ಒಳಗೊಳಗೇ ಬೇಯುತ್ತಿರುವವರು ಮುಖ್ಯವಾಗಿ ಓದಲಿ. ಕೆಮ್ಮಿಗೆ ಮಾತ್ರೆ ಇದೆ. ಆ ಬೇಗುದಿಗೆ ಯಾರೂ ಮಾತ್ರೆ ಬರೆದುಕೊಡಲಿಲ್ಲ.

ನಾವಿರುವುದು ನಾರ್‌ಶೋಪಿಂಗ್‌ನಲ್ಲಿ. ನನ್ನ ಊರು ದಾವಣಗೆರೆ. ಎರಡೂ ಒಂದು ಕಾಲಕ್ಕೆ ಬಟ್ಟೆ ಮಿಲ್ಲುಗಳ ಊರು, ಆದ್ದರಿಂದ ಬಂದ ದಿನದಿಂದಲೂ ನನಗೆ ಈ ಊರು ಅಷ್ಟೇನೂ ಪರಕೀಯ ಅನ್ನಿಸಿಲ್ಲ. ಗಂಡ ಮಂಜುನಾಥ್ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾನು ಇಲ್ಲಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಒಂದು ಸಂಶೋಧನೆಗೆ ಸಹಾಯಕಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಈ ಊರಿನ ಮಿಲ್ ಕೆಲಸಗಾರರ ಒಂದು ಬಡಾವಣೆಯಲ್ಲಿ ಕ್ಷಯ ಮನೆಯಿಂದ ಮನೆಗೆ ಹೇಗೆ ಹರಡಿತು ಎಂಬುದು ಸಂಶೋಧನೆಯ ವಿಷಯ. ಆಗ ಮನೆಮನೆಗೆ ಹೋಗುತ್ತಿದ್ದ ಒಬ್ಬ ನರ್ಸಮ್ಮ ಬರೆದಿಟ್ಟಿದ್ದನ್ನು ಓದಿ ಕಂಪ್ಯೂಟರಿಗೆ ಏರಿಸುವುದು ನನ್ನ ಪಾಲಿನ ಕೆಲಸ.

ಹೌದು, ಕ್ಷಯದ ಬಗ್ಗೆ ಓದಲು ಸಂಬಳ ತೆಗೆದುಕೊಳ್ಳುತ್ತಿದ್ದವಳಿಗೆ ತನ್ನ ಕೆಮ್ಮು ಕ್ಷಯ ಎಂದು ಹೊಳೆಯಲಿಲ್ಲ. ಈ ಮಾತನ್ನು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಆ ನರ್ಸಮ್ಮನ ಬರಹದಲ್ಲಿ ಕಾಣುತ್ತಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಅದರೊಳಗೆ ಇಡೀ ಸಂಸಾರ. ಕೆಮ್ಮುವವರಿಗೆ ಹಾಸಿಗೆ ಬೇರೆ ಇದೆಯೇ, ಲೋಟ ಬೇರೆ ಇದೆಯೇ, ಮಕ್ಕಳು ಯಾರ ಪಕ್ಕ ಮಲಗುತ್ತಾರೆ ಎಂದೆಲ್ಲ ವಿಚಾರಿಸಿ, ಹೆಚ್ಚುಕಡಿಮೆ ಪ್ರತಿ ಮನೆಯ ಕೊನೆಗೂ ಅದೇ ಎರಡು ಮಾತು ಬರೆಯುತ್ತಿದ್ದಳು: ಕಿಟಕಿ ಮುಚ್ಚಿತ್ತು. ತೆರೆಸಿದೆ. ಓದಿ ಓದಿ ನನಗೆ ರೇಗುತ್ತಿತ್ತು. "ಅಮ್ಮಾ ತಾಯಿ, ಹೊರಗೆ ಹಿಮ ಬೀಳೋವಾಗ ಕೂಸು ಇರೋ ಮನೇಲಿ ಕಿಟಕಿ ತೆಗೀತಾರಾ? ಮಕ್ಕಳನ್ನ ಹೆತ್ತವಳಾ ನೀನು?" ಎಂದು ಎಂದೋ ತೀರಿಹೋದ ಆ ಹೆಂಗಸಿನ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ.

ಅದೇ ಚಳಿಗಾಲದಲ್ಲಿ ಸ್ಮಿತಾಳಿಗೆ ಹೆರಿಗೆಯಾಯಿತು. ಸ್ಮಿತಾ ಮತ್ತು ಅವಳ ಗಂಡ ಪವನ್ ಬೆಂಗಳೂರಿನವರು. ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಮನೆ. ಬಾಣಂತನಕ್ಕೆ ಬರಬೇಕಿದ್ದ ಅವಳ ಅಮ್ಮ ಹೊರಡುವ ಹೊತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅತ್ತೆ ಇಲ್ಲ. ಆಸ್ಪತ್ರೆಯಿಂದ ಫೋನ್ ಮಾಡಿ ಸ್ಮಿತಾ, "ಅಕ್ಕ, ಅಮ್ಮ ಬರಲ್ವಂತೆ, ನಂಗೇನೂ ಗೊತ್ತಾಗ್ತಿಲ್ಲ" ಎಂದು ಅತ್ತಾಗ, "ನಾನಿಲ್ವೇನೇ?" ಎಂದುಬಿಟ್ಟೆ. ಹಾಗೆ ಹೇಳಿದಾಗ ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ, ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಮಗಳು ಇಂಚರಾಳನ್ನು ಶಾಲೆಗೆ ಕಳಿಸಿ ಸ್ಮಿತಾಳ ಮನೆಗೆ ಹೋಗುವುದು, ಬಾಣಂತಿಗೆ ಎಣ್ಣೆ ಹಚ್ಚಿ ತಲೆಗೆ ಎರೆಯುವುದು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುವುದು, ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ. ಆಮೇಲೆ ಬಚ್ಚಲಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದು. ಹೊಗೆಗೆ ಕಿರುಚುವ ಅಲಾರಾಂಗೆ ಶವರ್ ಕ್ಯಾಪ್ ತೊಡಿಸಿ ಸಾಂಬ್ರಾಣಿ ಹಾಕುವುದು. ಇಷ್ಟೆಲ್ಲ ಮುಗಿಸಿ ಕ್ಯಾಂಪಸ್ಸಿಗೆ ಹೋಗಿ ನರ್ಸಮ್ಮನ ಬರಹದ ಮುಂದೆ ಕೂರುತ್ತಿದ್ದೆ.

ಇಲ್ಲಿನ ಮನೆಗಳಲ್ಲಿ ಕಿಟಕಿಯ ಮೇಲ್ಗಡೆ, ಗಾಳಿ ಆಡಲಿ ಎಂದೇ ಒಂದು ಉದ್ದನೆಯ ಸೀಳು ಬಿಟ್ಟಿರುತ್ತಾರೆ. ಬಾಣಂತಿಯ ಕೋಣೆಯಲ್ಲಿ ಅದರಿಂದ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಮೊದಲ ದಿನವೇ ಹಳೆಯ ಪಂಚೆ ಹರಿದು ಅದಕ್ಕೆ ತುರುಕಿ, ಮೇಲೆ ಅಗಲ ಟೇಪು ಹಚ್ಚಿದೆ. ಮಗುವನ್ನು ನೋಡಲು ಬಂದ ಸ್ವೀಡಿಶ್ ನರ್ಸ್ ಸೆಖೆಗೆ ಕೆಂಪಾಗಿ, ಸ್ವಲ್ಪ ಗಾಳಿ ಆಡಲಿ, ಮಗುವನ್ನು ಬೆಚ್ಚಗೆ ಸುತ್ತಿ ಹೊರಗೂ ಮಲಗಿಸಬಹುದು ಎಂದು ಹೇಳಿಹೋದಳು. ಅವಳು ಆಚೆ ಹೋದಮೇಲೆ ನಾನು ಅವಳ ಹಾಗೇ ಮಾತಾಡಿ ತೋರಿಸಿ ಸ್ಮಿತಾಳನ್ನು ನಗಿಸಿದೆ.

ಸ್ಮಿತಾ ನಕ್ಕಳು. ಆದರೆ ನಾಲ್ಕು ದಿನ ಬಿಟ್ಟು ಅವಳೇ ಕೇಳಿದಳು.

"ಅಕ್ಕ, ಒಂಚೂರು ಕಿಟಕಿ ತೆಗಿಲಾ? ಉಸಿರು ಕಟ್ಟಿದ ಹಾಗಾಗತ್ತೆ."

"ಶೀತ ಮೈಗೆ ಹತ್ತಿದ್ರೆ ಜೀವಮಾನ ಪೂರ್ತಿ ಸೊಂಟ ಹಿಡ್ಕೊಂಡು ಓಡಾಡ್ಬೇಕಾಗತ್ತೆ ನೋಡು."

"ಐದೇ ನಿಮಿಷ ಅಕ್ಕ, ಪ್ಲೀಸ್."

"ನಿಮ್ಮಮ್ಮ ಇದ್ದಿದ್ರೆ ತೆಗಿಯೋಕೆ ಬಿಡ್ತಿದ್ರಾ?"

ಅಮ್ಮನ ಹೆಸರು ಬಂದದ್ದೇ ಅವಳು ಸುಮ್ಮನಾದಳು. ನಾನು ಆ ಮಾತನ್ನು ಬೇಕೆಂದೇ ಆಡಿದ್ದೆ.

ನನಗೆ ಆಗಲೇ ಕೆಮ್ಮಿತ್ತು. ಹೀಟರಿನ ಒಣ ಹವೆಗೆ ಎಂದುಕೊಂಡೆ, ಸಾಂಬ್ರಾಣಿಗೆ ಎಂದುಕೊಂಡೆ. ಮೈ ಬೆವರುತ್ತಿದ್ದುದಕ್ಕೆ ವಯಸ್ಸಿನ ಕಾರಣ ಕೊಟ್ಟೆ, ಬಟ್ಟೆ ಸಡಿಲವಾದುದಕ್ಕೆ ಓಡಾಟದ ಕಾರಣ ಕೊಟ್ಟು ಖುಷಿಯನ್ನೂ ಪಟ್ಟೆ. ಇಂಚರಾ ಒಂದು ದಿನ ಊಟದ ಮಧ್ಯೆ ತಟ್ಟೆ ಎತ್ತಿಕೊಂಡು ದೂರ ಕೂತು, ಸ್ವೀಡಿಶ್‌ನಲ್ಲಿ, "ಅಮ್ಮ, ನೀನು ಶರತ್ಕಾಲದಿಂದ ಕೆಮ್ಮುತ್ತಲೇ ಇದ್ದೀಯ. ಕೆಮ್ಮಿದ್ದು ನಾನಾಗಿದ್ದರೆ ನೀನು ನನ್ನನ್ನು ಎಂದೋ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿರುತ್ತಿದ್ದೆ" ಎಂದಳು. ಅವಳ ಕಾಟಕ್ಕೇ ಹೋದೆ. ಡಾಕ್ಟರು ಎದೆಯ ಎಕ್ಸ್‌ರೇಗೆ ಬರೆದರು. ಎಕ್ಸ್‌ರೇ ಆಯಿತು, ಕಫ ಕೊಡಲು ಹೇಳಿದರು, ಕೊಟ್ಟು ಮರೆತೆ.

ಫೋನ್ ಬಂದಾಗ ಮಗು ನನ್ನ ಕಾಲ ಮೇಲಿತ್ತು. ಮೈಗೆಲ್ಲ ಸೋಪು. ನನ್ನ ಎರಡು ಕೈಯೂ ಒದ್ದೆ. ಸ್ಮಿತಾ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದವಳು, "ಯಾವ್ದೋ ಆಸ್ಪತ್ರೆ ನಂಬರ್ ಅಕ್ಕ" ಎಂದು ಸ್ಪೀಕರಿಗೆ ಹಾಕಿ ನನ್ನ ಪಕ್ಕಕ್ಕೆ ಹಿಡಿದಳು. ಡಾಕ್ಟರು ಹೆಸರು ಕೇಳಿ ಖಾತ್ರಿ ಮಾಡಿಕೊಂಡು, ಈಗ ಮಾತಾಡಬಹುದೇ ಎಂದರು. ಧಾರಾಳವಾಗಿ ಎಂದೆ. ಆಮೇಲೆ ಅವರು ಹೇಳಿದ್ದರಲ್ಲಿ ತುಬರ್‌ಕುಲೋಸ್ ಎಂಬ ಪದ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಇವತ್ತೇ ಬರಬೇಕು, ಬಸ್ಸು ಹತ್ತಬಾರದು, ಯಾರ ಹತ್ತಿರವೂ ಹೋಗಬಾರದು ಎಂದರು.

ಸ್ಮಿತಾ ಫೋನನ್ನು ನೆಲಕ್ಕಿಟ್ಟಳು. ಬಗ್ಗಿ ಮಗುವನ್ನು ಸೋಪಿನ ಸಮೇತ ಎತ್ತಿ ಎದೆಗವಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟವೆಲ್ ಬಾಗಿಲ ಬಳಿಯೇ ಬಿದ್ದಿತ್ತು. ಒಳಗಿನಿಂದ ಟೇಪು ಪರಪರ ಕಿತ್ತು ಬರುವ ಶಬ್ದ, ಕಿಟಕಿ ದಡಾರನೆ ತೆರೆದ ಶಬ್ದ ಕೇಳಿಸಿತು. ನಾನು ಕಾಲು ಚಾಚಿಕೊಂಡೇ ಕೂತಿದ್ದೆ. ಕಾಲ ಮೇಲೆ ಇನ್ನೂ ಮಗುವಿನ ಬಿಸಿ ಇತ್ತು.

ಆಸ್ಪತ್ರೆಯಲ್ಲಿ ನನ್ನನ್ನು ಒಂಟಿ ಕೋಣೆಗೆ ಹಾಕಿದರು. ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು ತೆರೆಯುವಂಥ ಕೋಣೆ. ಗಾಳಿ ಒಳಗೆ ಹೇಗೆ ಬರಬೇಕು, ಹೇಗೆ ಹೋಗಬೇಕು ಎಂಬುದನ್ನು ಒಂದು ಯಂತ್ರ ನೋಡಿಕೊಳ್ಳುತ್ತಿತ್ತು, ಹಾಗಾಗಿ ಅಲ್ಲಿನ ಕಿಟಕಿ ತೆರೆಯುವಂತಿಲ್ಲ. ಹಿಡಿಕೆಯನ್ನೇ ತೆಗೆದುಬಿಟ್ಟಿದ್ದರು. ನನಗೆ ತಕ್ಕ ಕೋಣೆ ಎಂದುಕೊಂಡೆ.

ನನ್ನನ್ನು ನೋಡಿಕೊಂಡ ನರ್ಸಿನ ಹೆಸರು ಅನ್ನಿಕಾ. ಮಾಸ್ಕಿನ ಮೇಲೆ ಕಾಣುವ ಕಣ್ಣು ಬಿಟ್ಟರೆ ಅವಳ ಮುಖ ಹೇಗಿದೆ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಯಾರ ಜೊತೆ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಇದ್ದೆ ಎಂದು ಅವಳು ಕೇಳಿದಾಗ, ಗಂಡ ಮಗಳಿಗಿಂತ ಮೊದಲು ನನ್ನ ಬಾಯಿಂದ ಬಂದದ್ದು ಮಗುವಿನ ವಿಷಯ. "ಇನ್ನೂ ಹೆಸರಿಟ್ಟಿಲ್ಲ, ಪುಟ್ಟಿ ಅಂತ ಕರೀತೀವಿ" ಎಂದೆ. ಎಷ್ಟು ತಿಂಗಳು ಎಂದಳು. ತಿಂಗಳುಗಳೇ ಆಗಿಲ್ಲ ಎಂದೆ. ಅವಳ ಪೆನ್ನು ಒಂದು ಗಳಿಗೆ ನಿಂತಿತು. ಅಷ್ಟು ಎಳೆಯ ಮಕ್ಕಳಿಗೆ ಇದು ಹತ್ತಿದರೆ ಎದೆಗಷ್ಟೇ ನಿಲ್ಲದೆ ಮೆದುಳಿಗೂ ಹೋಗಬಹುದು ಎಂಬುದು ನನಗೆ ಗೊತ್ತಿತ್ತು. ನಮ್ಮ ನರ್ಸಮ್ಮನ ಬರಹಗಳಲ್ಲಿ ಅಂಥ ಕೂಸುಗಳ ಹೆಸರನ್ನು ನಾನೇ ಕಂಪ್ಯೂಟರಿಗೆ ಏರಿಸಿದ್ದೆ.

ಪುಟ್ಟಿಯನ್ನು ಅವತ್ತೇ ಕರೆಸಿ ಪರೀಕ್ಷೆ ಮಾಡಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೆ ಇಷ್ಟು ಬೇಗ ಖಾತ್ರಿಯಾಗಿ ಹೇಳಲಾಗುವುದಿಲ್ಲ, ಈಗಿಂದಲೇ ಔಷಧಿ ಶುರು ಮಾಡಿ, ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷಿಸಬೇಕು ಎಂದರು. ಇದನ್ನು ನನಗೆ ತಿಳಿಸಿದ್ದು ಪವನ್, ಮೆಸೇಜಿನಲ್ಲಿ. ಕೊನೆಗೆ "ಟೇಕ್ ಕೇರ್" ಎಂದೂ ಇತ್ತು. ಸ್ಮಿತಾಳಿಂದ ಏನೂ ಬರಲಿಲ್ಲ.

ಮಂಜುನಾಥ್ ಗಾಜಿನಾಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಅವರ ಮೈಯಲ್ಲೂ ರೋಗಾಣು ಇದೆ, ಆದರೆ ನಿದ್ದೆಯಲ್ಲಿದೆ ಎಂದು ಬಂದಿತ್ತು. "ನನ್ನ ಹಂಗೇ ಅದೂ. ಮಲಗಿದ್ರೆ ಏಳಲ್ಲ" ಎಂದು ನಗಿಸಲು ನೋಡಿದರು. ಮಗಳಿಗೆ ಏನೂ ಇಲ್ಲವೆಂದು ಗೊತ್ತಾದ ದಿನ ಗಾಜಿಗೆ ಹಣೆ ಒತ್ತಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಊರಲ್ಲಿ ಯಾರಿಗೂ ಹೇಳೋದು ಬ್ಯಾಡ ಕಣೇ" ಎಂದರು. ಇಲ್ಲಿನ ಕನ್ನಡದವರಿಗಂತೂ ಹೇಳುವ ಅಗತ್ಯವೇ ಬೀಳಲಿಲ್ಲ, ಸುದ್ದಿ ನನಗಿಂತ ಮೊದಲೇ ಎಲ್ಲರ ಮನೆ ತಲುಪಿತ್ತು. ಕೆಲವರು ಸಾರು ಪಲ್ಯ ಮಾಡಿ ನಮ್ಮ ಮನೆ ಬಾಗಿಲ ಮುಂದೆ ಇಟ್ಟುಹೋದರು. ಒಬ್ಬರು, ಡಬ್ಬಿ ವಾಪಸು ಬೇಡ ಎಂದು ಹೇಳಿಕಳಿಸಿದರು.

ಮಾತ್ರೆಗಳಿಂದ ಹೊಟ್ಟೆ ತೊಳಸುತ್ತಿತ್ತು. ಉಚ್ಚೆ, ಬೆವರು, ಕಣ್ಣೀರು ಎಲ್ಲ ಕಿತ್ತಳೆ ಬಣ್ಣ. ಅತ್ತರೆ ಕರ್ಚೀಫಿನ ಮೇಲೆ ಕುಂಕುಮದ ನೀರು ಚೆಲ್ಲಿದ ಹಾಗೆ ಕಲೆ. ಒಂದು ಮಧ್ಯಾಹ್ನ ಅನ್ನಿಕಾ ಎರಡು ಲೋಟ ಕಾಫಿ, ಒಂದು ಬನ್ನು ತಂದು, ಕುರ್ಚಿ ಎಳೆದುಕೊಂಡು ಕೂತಳು. "ಫಿಕಾ" ಎಂದಳು. ಈ ದೇಶದಲ್ಲಿ ಕಾಫಿಗೆ ಕೂರುವುದೆಂದರೆ ಸಂಧ್ಯಾವಂದನೆಯಷ್ಟೇ ನೇಮ. ಆದರೆ ಅವಳು ಮಾಸ್ಕ್ ತೆಗೆಯುವಂತಿಲ್ಲ. ನಾನು ಕುಡಿದು ಮುಗಿಸುವವರೆಗೂ ತನ್ನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನಾನು ಒಬ್ಬಳೇ ಕುಡಿಯಬಾರದು ಎಂದಷ್ಟೇ ಬಂದಿದ್ದಳು. ಅಂಥ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ.

ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮಿತ್ತೇ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದಿದ್ದೆ. ಅವರು ಹೋದಮೇಲೆ ಅಜ್ಜಿ ನೆನಪಾದಳು. ಅಮ್ಮನ ಅಮ್ಮ. ಮಿಲ್ಲಿನಲ್ಲಿ ನೂಲಿನ ಕೆಲಸ ಮಾಡಿದವಳು. ಅವಳದು ಹತ್ತಿ ಧೂಳಿನ ಕೆಮ್ಮು ಎಂದೇ ಮನೆಯವರೆಲ್ಲ ಹೇಳುತ್ತಿದ್ದರು. ರಜೆಗೆ ಹೋದರೆ ನಾನು ಉಣ್ಣುತ್ತಿದ್ದದ್ದು ಅವಳ ಕೈತುತ್ತು, ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲಿ. ಒಂದು ಬೇಸಿಗೆಗೆ ಹೋದಾಗ ಮಾತ್ರ ಅಜ್ಜಿ ಬದಲಾಗಿದ್ದಳು. ನಾನು ಹತ್ತಿರ ಹೋದರೆ ಗೋಡೆಯ ಕಡೆ ತಿರುಗಿ, ಬಾಯಿಗೆ ಸೆರಗು ಒತ್ತಿಕೊಂಡು, "ಹೋಗವ್ವ, ಆಡ್ಕ ಹೋಗು, ಇಲ್ಲಿ ಬರಬ್ಯಾಡ" ಎನ್ನುತ್ತಿದ್ದಳು. ಅಜ್ಜಿಗೆ ನಾನು ಬೇಡವಾದೆ ಎಂದು ಹಿತ್ತಲಲ್ಲಿ ಕೂತು ಅತ್ತಿದ್ದೆ. ಅವಳು ಸತ್ತಾಗ ಸಿಟ್ಟಿಗೇ ಅಳಲಿಲ್ಲ.

ಅವಳಿಗೆ ಗೊತ್ತಿತ್ತು. ಯಾವ ಡಾಕ್ಟರೂ ಹೇಳದಿದ್ದರೂ ಅವಳಿಗೆ ಗೊತ್ತಾಗಿತ್ತು, ಗೊತ್ತಾದ ಕೂಡಲೇ ಮುಖ ತಿರುಗಿಸಿದಳು. ನನಗೆ ಈ ರೋಗ ಬಂದದ್ದು ಅವಳಿಂದಲೇ ಇರಬಹುದು. ಇಷ್ಟು ವರ್ಷ ನನ್ನೊಳಗೆ ಮಲಗಿದ್ದು ಈ ಚಳಿಗಾಲದಲ್ಲಿ ಎದ್ದಿರಬಹುದು. ಅವಳ ಮೇಲೆ ಸಿಟ್ಟು ಬರುತ್ತದಾ ಎಂದು ನನ್ನನ್ನೇ ಕೆದಕಿ ನೋಡಿಕೊಂಡೆ. ಎಳ್ಳಷ್ಟೂ ಬರಲಿಲ್ಲ. ಮುದುಕಿಯನ್ನು ಒಮ್ಮೆ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಅದರಿಂದ ನನಗೆ ಸಮಾಧಾನವೂ ಸಿಗಲಿಲ್ಲ. ಅಜ್ಜಿ ನನ್ನ ಕಡೆಗೆ ಬೆನ್ನು ಮಾಡಿದ್ದಳು. ನಾನು ಪುಟ್ಟಿಯ ಮುಖಕ್ಕೆ ಮುಖ ಕೊಟ್ಟು, ಟೇಪು ಹಚ್ಚಿದ ಮನೆಯಲ್ಲಿ ಹಾಡು ಹೇಳುತ್ತಿದ್ದೆ.

ಇನ್ನು ನನ್ನಿಂದ ಯಾರಿಗೂ ಹರಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಗೆ ಕಳಿಸಿದರು. ಡಾಕ್ಟರು ಹೇಳಿದ್ದನ್ನು ತಲೆ ಒಪ್ಪಿತು, ಮೈ ಒಪ್ಪಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಮಗುವಿನ ಗಾಡಿ ತಳ್ಳಿಕೊಂಡು ಬಂದರೆ, ನಮ್ಮ ಮಹಡಿ ಬರುವವರೆಗೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಅಂಗಡಿಯಲ್ಲಿ ಮಕ್ಕಳಿದ್ದ ಸಾಲನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದೆ. ಸ್ಮಿತಾಳ ಬಿಲ್ಡಿಂಗಿನ ಮುಂದೆ ಹೋಗುವಾಗ ಮಾತ್ರ ತಲೆ ಎತ್ತುತ್ತಿದ್ದೆ. ಅವಳ ಕೋಣೆಯ ಕಿಟಕಿ ಎಂಥ ಚಳಿಯಲ್ಲೂ ತೆರೆದಿರುತ್ತಿತ್ತು.

ಕ್ಯಾಂಪಸ್ಸಿನ ಕೆಲಸಕ್ಕೆ ಮರಳಿದೆ. ನರ್ಸಮ್ಮನ ಜೊತೆ ಜಗಳ ನಿಂತಿತ್ತು. ಕಿಟಕಿ ಮುಚ್ಚಿತ್ತು ಎಂದು ಅವಳು ಬರೆದ ಕಡೆಯಲ್ಲೆಲ್ಲ, ಆ ಕಿಟಕಿ ಮುಚ್ಚಿದವಳು ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಯಾರೋ ಅಜ್ಜಿ, ಯಾರೋ ಅಕ್ಕ. ಕೂಸಿಗೆ ಚಳಿಯಾಗದಿರಲಿ ಎಂದು ಬಟ್ಟೆ ತುರುಕಿದವಳು. ಅವಳಿಗೇನಾಯಿತು ಎಂದು ನರ್ಸಮ್ಮ ಎಲ್ಲಿಯೂ ಬರೆದಿಲ್ಲ.

ಒಂದು ದಿನ ಸ್ಮಿತಾಳದೇ ಫೋನ್. ನಾನು ಹಲೋ ಎನ್ನುವ ಮೊದಲೇ ಶುರು ಮಾಡಿದಳು.

"ಔಷಧಿ ಕುಡಿಸಿದ್ರೆ ಅರ್ಧ ಕಕ್ಕತ್ತೆ ಅಕ್ಕ. ಕಕ್ಕಿದ್ಮೇಲೆ ಮತ್ತೆ ಕುಡಿಸ್ಬೇಕೋ ಬೇಡ್ವೋ ಗೊತ್ತಾಗಲ್ಲ. ದಿನಾ ಬೆಳಿಗ್ಗೆ ನಾನು ಅದರ ಬಾಯಿ ಹಿಡ್ಕೊಂಡು ಅಳ್ತಾ ಕೂರ್ತೀನಿ. ನಿಮಗದು ಗೊತ್ತಿರ್ಬೇಕು ಅಂತ ಫೋನ್ ಮಾಡಿದ್ದು."

"ತಪ್ಪಾಯ್ತು ಸ್ಮಿತಾ."

"ಕಾಯಿಲೆ ಬಂದಿದ್ದಕ್ಕೆ ನಿಮ್ಮೇಲೆ ಕೋಪ ಇಲ್ಲ. ಯಾರಿಗಾದ್ರೂ ಬರತ್ತೆ. ಆದ್ರೆ ಕಿಟಕಿ ತೆಗಿಲಾ ಅಂತ ಕೇಳ್ದೆ ಅಲ್ವಾ ಅಕ್ಕ ನಾನು? ನನ್ನ ಮನೇಲಿ, ನನ್ನ ರೂಮಲ್ಲಿ, ಐದು ನಿಮಿಷ ಅಂತ ಕೇಳ್ದೆ. ನೀವು ಅಮ್ಮನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದ್ರಿ."

"ಹೌದು. ಮುಚ್ಚಿಸ್ದೆ."

ಹೊರಗೆ ಟ್ರಾಮ್ ಹಾದುಹೋಯಿತು. ಅವಳು ಫೋನ್ ಇಡಲಿಲ್ಲ. ಮೂಗು ಎಳೆದುಕೊಳ್ಳುವುದು ಕೇಳಿಸುತ್ತಿತ್ತು.

"ನಂಗೆ ಇನ್ನೂ ಜಾಸ್ತಿ ಕೋಪ ನನ್ನ ಮೇಲೇ" ಎಂದಳು. "ಯಾಕ್ ಸುಮ್ನಾದೆ ನಾನು?"

"ಅದನ್ನ ನಿನ್ನ ಮೇಲೆ ಹಾಕ್ಕೋಬೇಡ ಕಣೆ. ಅದು ನಂದು."

ಅವಳು ಫೋನ್ ಇಟ್ಟಳು. ಬೈಸಿಕೊಂಡ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆದರೆ ಅವತ್ತು ಅನ್ನ ಸ್ವಲ್ಪ ಸೇರಿತು.

ಪುಟ್ಟಿಯ ಎರಡನೇ ಪರೀಕ್ಷೆಯ ದಿನ ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಕೂರಲಾಗದೆ ದೇವರ ಗೂಡು ಒರೆಸಿದೆ, ಫ್ರಿಜ್ಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಫಲಿತಾಂಶ ಬರಲು ಕೆಲವು ದಿನವಾಗುತ್ತದೆ ಎಂದು ಗೊತ್ತಿದ್ದೂ ಫೋನನ್ನು ಕೈಬಿಡಲಿಲ್ಲ. ಪವನ್ ಮೆಸೇಜ್ ಬಂದದ್ದು ಅದಾದ ಕೆಲವು ದಿನಕ್ಕೆ, ನಾನು ಕ್ಯಾಂಪಸ್ಸಿನಲ್ಲಿದ್ದಾಗ. "ನೆಗೆಟಿವ್ ಅಕ್ಕ. ಪುಟ್ಟಿಗೆ ಹತ್ತಿಲ್ಲ. ಔಷಧಿ ನಿಲ್ಲಿಸ್ಬಹುದಂತೆ." ಮೂರು ಸಲ ಓದಿ, ಕೆಲಸ ಬಿಟ್ಟು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕರ್ಚೀಫು ಪೂರ್ತಿ ಕಿತ್ತಳೆಯಾಯಿತು.

ಮರುದಿನ ಸ್ಮಿತಾ ಫೋನ್ ಮಾಡಿ, "ಭಾನುವಾರ ಮನೆಗೆ ಬನ್ನಿ ಅಕ್ಕ" ಎಂದಳು. ಅಷ್ಟೇ ಹೇಳಿದಳು.

ಹೋದೆ. ಮೇ ತಿಂಗಳ ಬಿಸಿಲಿತ್ತು, ಗಾಳಿ ಮಾತ್ರ ಇನ್ನೂ ತಣ್ಣಗಿತ್ತು. ಬಾಣಂತಿ ಕೋಣೆಯ ಕಿಟಕಿ ಹಾರು ಹೊಡೆದಿತ್ತು. ಮೇಲಿನ ಸೀಳಿನ ಸುತ್ತ ಟೇಪಿನ ಅಂಟಿನ ಗುರುತು ಬಿಳಿ ಬಣ್ಣದ ಮೇಲೆ ಹಾಗೇ ಉಳಿದಿತ್ತು. ನಾನು ಅದನ್ನು ನೋಡುವುದನ್ನು ಸ್ಮಿತಾ ನೋಡಿದಳು. ನಾನು ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಅಷ್ಟು ದೂರ ಸಾಕು ಅನ್ನಿಸಿತು.

ಅವಳು ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಬಂದು, ಕೇಳದೆ ಹೇಳದೆ ನನ್ನ ತೊಡೆಯ ಮೇಲೆ ಕೂರಿಸಿದಳು. ಮಗು ಗುಂಡುಗುಂಡಾಗಿತ್ತು. ಎರಡೂ ಕೈಯಿಂದ ನನ್ನ ತಾಳಿ ಸರ ಹಿಡಿದು ಎಳೆದು, ಮುಖ ನೋಡಬೇಕೆಂದು ಕತ್ತು ಎತ್ತಿತು. ನಾನು ಗೋಡೆಯ ಕಡೆ ತಿರುಗಿಬಿಟ್ಟೆ. ನನಗೇ ತಿಳಿಯದೆ ಸೆರಗು ಬಾಯಿಗೆ ಹೋಗಿತ್ತು. ಎದೆ ಬಿಗಿಹಿಡಿದು ಕೂತೆ, ಲಿಫ್ಟಿನಲ್ಲಿ ನಿಲ್ಲುವ ಹಾಗೆ. ಪುಟ್ಟಿ ನನ್ನ ಕೆನ್ನೆಗೆ ಪಟಪಟ ಹೊಡೆಯುತ್ತಿತ್ತು.

ಸ್ಮಿತಾ ಹತ್ತಿರ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಾಯಿಗೆ ಒತ್ತಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿದಳು.

"ಅಕ್ಕ," ಎಂದಳು, "ಉಸಿರು ಬಿಡಿ."